ಕರಾರುಪತ್ರದ ಪರಿಭಾಷೆಯೂ ಸತ್ಯಾಣುವ್ರತವೂ

‘ನ್ಯಾಸ’ ಎಂಬ ಶಬ್ದವು ತತ್ತ್ವಾರ್ಥಸೂತ್ರದಲ್ಲಿ ಎರಡು ಎಡೆಗಳಲ್ಲಿ, ಎರಡು ಅರ್ಥಗಳಲ್ಲಿ ಬಂದಿದೆ. ಮೊದಲನೆಯ ಅಧ್ಯಾಯದಲ್ಲಿ ಅದಕ್ಕೆ ಪದದೊಳಗೆ ಅರ್ಥವನ್ನು ಇರಿಸುವುದು ಎಂದರ್ಥ. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳ ವಿಚಾರ ಹೊರಡುವುದು ಅಲ್ಲಿಂದಲೇ. ಏಳನೆಯ ಅಧ್ಯಾಯದಲ್ಲಿ, ಶ್ರಾವಕನ ಅಣುವ್ರತಗಳಿಗೆ ಒದಗುವ ಅತಿಚಾರಗಳನ್ನು ಹೇಳುವಲ್ಲಿ, ಅದೇ ಶಬ್ದವು ಒಬ್ಬನು ನಂಬಿ ಮತ್ತೊಬ್ಬನ ವಶಕ್ಕೆ ಒಪ್ಪಿಸಿದ ಒಡವೆಯನ್ನು ಸೂಚಿಸುತ್ತದೆ. ಅಂತಹ ಒಡವೆಯ ವಿಷಯದಲ್ಲಿ ವಂಚಿಸುವುದು ನ್ಯಾಸಾಪಹಾರ. ವಿಶೇಷವೆಂದರೆ, ಪರರ ಸೊತ್ತು ನಷ್ಟವಾಗುವ ಈ ದೋಷವನ್ನು ಆಚಾರ್ಯರು ಅಚೌರ್ಯವ್ರತದ ಕೆಳಗೆ ಇರಿಸದೆ ಸತ್ಯವ್ರತದ ಕೆಳಗೆ ಇರಿಸಿದ್ದಾರೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಕೊಡುವ ವಿವರಣೆಯನ್ನು ನೋಡಿದರೆ ಇದರ ಔಚಿತ್ಯ ತಿಳಿಯುತ್ತದೆ. ಹೊನ್ನನ್ನು ಇಟ್ಟವನು ಎಷ್ಟು ಇಟ್ಟನೆಂಬುದನ್ನು ಮರೆತು, ಕಡಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ಅಹುದೆಂದು ಒಪ್ಪಿ ಅಷ್ಟನ್ನೇ ಕೊಡುತ್ತಾನೆ. ಅಲ್ಲಿ ಪೆಟ್ಟಿಗೆ ಒಡೆದಿಲ್ಲ, ಗೋಡೆಗೆ ಕನ್ನ ಬಿದ್ದಿಲ್ಲ. ಒಂದು ಒಪ್ಪಿಗೆಯ ಮಾತಿನಲ್ಲಿ ಹೊನ್ನು ಕರಗಿಹೋಯಿತು.

ಹೊನ್ನನ್ನು ಗಂಟು ಕಟ್ಟಿ ನೆರೆಮನೆಯವನಲ್ಲಿ ಇಡುವ ಕಾಲ ಸಂದಿತು. ಈಗ ಒಡವೆ ಕಾಗದದ ಮೇಲೆ ಕೈ ಬದಲಾಯಿಸುತ್ತದೆ, ಆ ಕಾಗದದ ಮೊದಲ ಕೆಲವು ಪುಟಗಳಲ್ಲಿ ‘ಪರಿಭಾಷೆ’ ಎಂಬ ಪ್ರಕರಣವಿರುತ್ತದೆ. ‘ಈ ಕರಾರಿನಲ್ಲಿ ಇಂಥ ಪದಕ್ಕೆ ಇಂಥ ಅರ್ಥ’ ಎಂದು ಸಾಲುಸಾಲಾಗಿ ಬರೆದಿರುವ ಈ ಭಾಗವನ್ನು ಸಹಿ ಹಾಕುವವರಲ್ಲಿ ಬಹುಮಂದಿ ಓದುವುದಿಲ್ಲ. ಬಡ್ಡಿಯ ದರ, ವಾಯಿದೆ, ಮೊತ್ತ ಇವುಗಳತ್ತ ಕಣ್ಣು ಓಡಿಸಿ ಲೇಖನಿ ಎತ್ತುತ್ತಾರೆ. ಆದರೆ ಶಬ್ದದ ನ್ಯಾಸವೂ ಒಡವೆಯ ನ್ಯಾಸವೂ ಒಂದನ್ನೊಂದು ಸಂಧಿಸುವ ಸ್ಥಳ ಅದೇ ಪುಟ. ಇದನ್ನು ಸ್ಪಷ್ಟವಾಗಿ ಕಾಣಬೇಕಾದರೆ ಒಂದು ಪುಟ್ಟ ದ್ವೀಪದ ಹಣಕಾಸಿನ ಕಾನೂನುಗಳನ್ನು ಕರಾರುಪತ್ರಗಳು ಹೇಗೆ ವ್ಯಾಖ್ಯಾನಿಸುತ್ತವೆ ಎಂಬುದನ್ನು ನೋಡಬೇಕು.

ಜರ್ಸಿ ಎಂಬ ಹೆಸರು ಕನ್ನಡ ನಾಡಿನ ಒಕ್ಕಲಿಗರಿಗೆಲ್ಲ ಗೊತ್ತು. ಆದರೆ ಅವರಿಗೆ ಗೊತ್ತಿರುವುದು ಹಸು, ದ್ವೀಪವಲ್ಲ. ಆ ಹಸುವಿನ ತವರಾದ ಜರ್ಸಿ ದ್ವೀಪವು ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿ, ಫ್ರಾನ್ಸಿನ ದಡಕ್ಕೆ ಹೆಚ್ಚು ಸಮೀಪದಲ್ಲಿದೆ. ವಿಸ್ತೀರ್ಣ ಸುಮಾರು 120 ಚದರ ಕಿಲೋಮೀಟರ್. 2021ರ ಜನಗಣತಿಯಂತೆ ಜನಸಂಖ್ಯೆ 1,03,000ಕ್ಕೆ ತುಸು ಮೇಲೆ. 1204ರಲ್ಲಿ ಇಂಗ್ಲೆಂಡಿನ ಅರಸ ಜಾನನು ನಾರ್ಮಂಡಿಯನ್ನು ಕಳೆದುಕೊಂಡಾಗ ದ್ವೀಪವು ಇಂಗ್ಲಿಷ್ ಅರಸೊತ್ತಿಗೆಯ ಕಡೆಗೇ ಉಳಿಯಿತು, ಆದರೆ ನಾರ್ಮಂಡಿಯ ರೂಢಿಕಾನೂನನ್ನು ಬಿಡಲಿಲ್ಲ. ಇಂದಿಗೂ ಅದು ಬ್ರಿಟನ್ನಿನ ಭಾಗವಲ್ಲ. ಅರಸನಿಗೆ ಅಧೀನ, ಸಂಸತ್ತಿಗೆ ಹೊರತು. ತನ್ನದೇ ಶಾಸನಸಭೆ, ತನ್ನದೇ ರಾಯಲ್ ಕೋರ್ಟ್, ತನ್ನದೇ ತೆರಿಗೆ. ಬಹುಪಾಲು ಕಂಪನಿಗಳ ಲಾಭದ ಮೇಲಿನ ತೆರಿಗೆ ಅಲ್ಲಿ ಸೊನ್ನೆ. ಹಣಕಾಸು ಸೇವೆಯ ಕಂಪನಿಗಳಿಗೆ ಶೇಕಡ 10. ದೊಡ್ಡ ಬಹುರಾಷ್ಟ್ರೀಯ ಸಮೂಹಗಳಿಗೆ ಮಾತ್ರ 2025ರಿಂದ ಶೇಕಡ 15ರ ದರ ಬಂದಿದೆ. ಈ ಕಾರಣದಿಂದಲೇ ಲಂಡನ್ನಿನ ಎಷ್ಟೋ ಕಟ್ಟಡಗಳು ಜರ್ಸಿಯ ಕಂಪನಿ ಅಥವಾ ಜರ್ಸಿಯ ನ್ಯಾಸದ ಹೆಸರಿನಲ್ಲಿವೆ, ಅವುಗಳ ಮೇಲೆ ಸಾಲ ಕೊಡುವ ಬ್ಯಾಂಕು ಬರೆಯುವ ಪತ್ರದಲ್ಲಿ ದ್ವೀಪದ ಕಾನೂನು ತಪ್ಪದೆ ಕಾಣಿಸಿಕೊಳ್ಳುತ್ತದೆ.

ಅಂತಹ ಪತ್ರದ ಪರಿಭಾಷಾ ಪ್ರಕರಣವನ್ನು ತೆರೆದರೆ ವರ್ಷಗಳ ಮಾಲೆಯೇ ಎದುರಾಗುತ್ತದೆ. ‘ಕಂಪನಿ ಕಾನೂನು’ ಎಂದರೆ 1991ರದು. ‘ನ್ಯಾಸ ಕಾನೂನು’ ಎಂದರೆ 1984ರದು. ‘ನಿಧಿಗಳ ಕಾನೂನು’ ಎಂದರೆ ಸಾಮೂಹಿಕ ಹೂಡಿಕೆ ನಿಧಿಗಳನ್ನು ಕುರಿತ 1988ರದು. ‘ಹಣಕಾಸು ಸೇವೆಗಳ ಕಾನೂನು’ 1998ರದು. ‘ಆದಾಯ ತೆರಿಗೆ ಕಾನೂನು’ 1961ರದು. ಪ್ರತಿಯೊಂದು ಶೀರ್ಷಿಕೆಯ ನಡುವೆ ದ್ವೀಪದ ಹೆಸರು ಆವರಣದೊಳಗೆ ಕುಳಿತಿರುತ್ತದೆ. ಲಂಡನ್ನಿನ ಸಂಸತ್ತು ಮಾಡಿದ್ದು ‘ಆಕ್ಟ್’, ಜರ್ಸಿಯ ಸಭೆ ಮಾಡಿದ್ದು ‘ಲಾ’. ಈ ಭೇದವನ್ನರಿಯದೆ ‘ಜರ್ಸಿ ಕಂಪನೀಸ್ ಆಕ್ಟ್’ ಎಂದು ಬರೆದವನು ದ್ವೀಪದ ಕಾನೂನನ್ನು ಓದಿಲ್ಲವೆಂಬುದು ಅಲ್ಲಿಯವರಿಗೆ ಒಡನೆ ತಿಳಿದುಹೋಗುತ್ತದೆ.

ಇಂಗ್ಲಿಷ್ ಕಾನೂನಿನ ಪದಗಳನ್ನು ಹಾಗೆಯೇ ಎತ್ತಿ ದ್ವೀಪಕ್ಕೆ ಅನ್ವಯಿಸಲಾಗದು ಎಂಬಲ್ಲಿಂದ ಈ ಪ್ರಕರಣದ ನಿಜವಾದ ಕೆಲಸ ತೊಡಗುತ್ತದೆ. ಸಾಲ ಪಡೆದ ಕಂಪನಿ ದಿವಾಳಿಯಾದರೆ ಬ್ಯಾಂಕು ಕೂಡಲೇ ಸಾಲವನ್ನು ಹಿಂದಕ್ಕೆ ಕೇಳಬಹುದೆಂದು ಇಂಗ್ಲೆಂಡಿನ ಪತ್ರ ಹೇಳುತ್ತದೆ. ಆದರೆ ಜರ್ಸಿಯಲ್ಲಿ ದಿವಾಳಿಯ ಒಂದು ಮುಖ್ಯ ರೂಪಕ್ಕೆ ‘ದೆಸಾಸ್ತ್ರ್’ ಎಂದು ಹೆಸರು. 1990ರ ಕಾನೂನು ಅದನ್ನು ನಿಯಮಿಸುತ್ತದೆ. ಅದು ಘೋಷಿತವಾದಾಗ ಸೊತ್ತನ್ನು ವಶಕ್ಕೆ ತೆಗೆದುಕೊಳ್ಳುವವನು ಇಂಗ್ಲೆಂಡಿನ ಮಾದರಿಯ ರಿಸೀವರನಲ್ಲ, ರಾಯಲ್ ಕೋರ್ಟಿನ ವೈಕೌಂಟ್ ಎಂಬ ಅಧಿಕಾರಿ. ಸ್ಥಿರಾಸ್ತಿಯ ಮೇಲಿನ ಋಣಭಾರಕ್ಕೆ ಅಲ್ಲಿ ‘ಈಪೊತೆಕ್’ ಎನ್ನುತ್ತಾರೆ. ಆದ್ದರಿಂದ ಜಾಗರೂಕನಾದ ವಕೀಲನು ಒಂದು ಸಾಲನ್ನು ಸೇರಿಸುತ್ತಾನೆ: ಈ ಪತ್ರದಲ್ಲಿ ದಿವಾಳಿಯೆಂದು ಹೇಳಿರುವಲ್ಲಿ ಜರ್ಸಿಯ ಮಟ್ಟಿಗೆ 1954ರ ಅರ್ಥನಿರ್ಣಯ ಕಾನೂನಿನ ಎಂಟನೆಯ ವಿಧಿ ಹೇಳುವ ದಿವಾಳಿಯೂ ಸೇರುತ್ತದೆ, ರಿಸೀವರ್ ಎಂದಿರುವಲ್ಲಿ ವೈಕೌಂಟನೂ ಸೇರುತ್ತಾನೆ, ಆಧಾರವೆಂದಿರುವಲ್ಲಿ ಈಪೊತೆಕ್ ಕೂಡ ಸೇರುತ್ತದೆ.

ಇದನ್ನು ಕೇವಲ ವಕೀಲರ ಚಾತುರ್ಯವೆಂದು ತಳ್ಳಿಹಾಕುವುದು ಸರಿಯಲ್ಲ. ಒಂದೇ ವಸ್ತುವು ಇನ್ನೊಂದು ನೆಲೆಯಿಂದ ಇನ್ನೊಂದು ಹೆಸರಿನಲ್ಲಿ ತೋರುತ್ತದೆ ಎಂಬುದನ್ನು ಒಪ್ಪಿ, ತನ್ನ ನಾಡಿನ ಪದವೇ ಲೋಕದ ಪದವೆಂಬ ಹಮ್ಮನ್ನು ಬಿಟ್ಟು, ಆ ಚಿಕ್ಕ ದ್ವೀಪದ ಮಾತಿಗೂ ಸ್ಥಾನ ಕೊಡುವ ಈ ಕ್ರಮದಲ್ಲಿ ಅನೇಕಾಂತದ ಛಾಯೆಯಿದೆ. ವ್ಯಾಪಾರದ ಕಾಗದದಲ್ಲಿ ಅನೇಕಾಂತವನ್ನು ಕಾಣುವುದು ಅತಿಯಾಯಿತೆಂದು ಪಂಡಿತರು ನಕ್ಕರೂ ನಗಲಿ; ನಯವಾದವನ್ನು ಬಸದಿಯ ಪ್ರವಚನಕ್ಕೆ ಮಾತ್ರ ಮೀಸಲಿಟ್ಟು ಅಂಗಡಿಯ ಬಾಗಿಲಲ್ಲಿ ಬಿಟ್ಟುಹೋಗುವುದಕ್ಕಿಂತ ಇದು ಲೇಸು.

ಕಾನೂನಿಗೂ ಆಯುಸ್ಸಿದೆ. ಚರಸೊತ್ತಿನ ಮೇಲೆ ಆಧಾರ ಬರೆದುಕೊಡುವುದನ್ನು ಕುರಿತು ಜರ್ಸಿಯಲ್ಲಿ 1983ರ ಕಾನೂನಿತ್ತು. 2012ರಲ್ಲಿ ಹೊಸ ಕಾನೂನಾಗಿ, 2014ರ ಜನವರಿ 2ರಿಂದ ಜಾರಿಗೆ ಬಂದಿತು. ಆದರೆ ಆ ದಿನಕ್ಕೆ ಮೊದಲೇ ಹುಟ್ಟಿದ್ದ ಆಧಾರಗಳಿಗೆ ಹಳೆಯ ಕಾನೂನೇ ಅನ್ವಯಿಸುತ್ತ ಹೋಯಿತು. ಹೀಗಾಗಿ ಅದರ ಮುಂದಿನ ವರ್ಷಗಳ ಪತ್ರಗಳಲ್ಲಿ ‘ಆಧಾರ’ ಎಂಬ ಒಂದೇ ಪದದ ಕೆಳಗೆ ಎರಡು ವರ್ಷಗಳನ್ನೂ ಬರೆಯುವ ವಾಡಿಕೆ ಬೆಳೆಯಿತು. ಅರಸನಾಗಿದ್ದವನನ್ನೂ ಅರಸನಾಗಲಿರುವವನನ್ನೂ ಅರಸನೆಂದೇ ಕರೆಯುವುದು ದ್ರವ್ಯನಿಕ್ಷೇಪ. ‘ಕಾಲಕಾಲಕ್ಕೆ ತಿದ್ದುಪಡಿಯಾದ ಅಥವಾ ಮರಳಿ ಶಾಸನವಾದ ಈ ಕಾನೂನು’ ಎಂಬ ಕರಾರಿನ ಮಾತೂ ಆ ಜಾತಿಗೇ ಸೇರಿದ್ದು. ಅದಕ್ಕೆ ಸಹಿ ಹಾಕುವವನು ಇನ್ನೂ ಯಾರೂ ಬರೆದಿಲ್ಲದ ಕಾನೂನಿಗೂ ತಲೆಬಾಗುತ್ತಾನೆ. ಇದು ಅನಿವಾರ್ಯವೇ ಇರಬಹುದು, ಆದರೂ ತಾನು ಒಪ್ಪಿದ್ದು ಇಷ್ಟೆಂಬುದು ಅವನಿಗೆ ಗೊತ್ತಿರಬೇಕಷ್ಟೆ.

ನಾಮನಿಕ್ಷೇಪದ ವಿಚಾರ ಇದಕ್ಕಿಂತ ತೀಕ್ಷ್ಣವಾದದ್ದು. ಮಗುವಿಗೆ ಧನಪಾಲನೆಂದು ಹೆಸರಿಟ್ಟರೆ ಅವನ ಬಳಿ ಧನವಿರಬೇಕೆಂಬ ನಿಯಮವಿಲ್ಲ. ಹೆಸರು ಗುಣವನ್ನು ಬೇಡುವುದಿಲ್ಲ. ಹಾಗೆಯೇ ಬಹುಕಾಲ ‘ಜರ್ಸಿಯ ಕಂಪನಿ’ ಎಂಬ ಹೆಸರು ಪಡೆಯಲು ಅಲ್ಲಿ ನೋಂದಣಿಯೊಂದಿದ್ದರೆ ಸಾಕಾಗುತ್ತಿತ್ತು. ನೋಂದಾಯಿತ ವಿಳಾಸವೊಂದು, ಅದರ ಬಾಗಿಲಲ್ಲಿ ಫಲಕವೊಂದು—ಸ್ಥಾಪನಾನಿಕ್ಷೇಪವೆನ್ನೋಣವೆಂದರೆ ಸ್ಥಾಪನೆಯಲ್ಲಿ ಭಕ್ತಿಯಾದರೂ ಇರುತ್ತದೆ. ಹಣ ದುಡಿಯುವುದು ಒಂದೆಡೆ, ನಿರ್ಧಾರವಾಗುವುದು ಮತ್ತೊಂದೆಡೆ, ಲಾಭ ದಾಖಲಾಗುವುದು ಮಾತ್ರ ದ್ವೀಪದಲ್ಲಿ. ಯೂರೋಪಿನ ಒಕ್ಕೂಟದ ಒತ್ತಡದ ಮೇರೆಗೆ ಜರ್ಸಿಯು 2019ರಲ್ಲಿ ಕಂಪನಿಗಳ ಆರ್ಥಿಕ ಸತ್ತ್ವವನ್ನು ಕುರಿತ ತೆರಿಗೆ ಕಾನೂನನ್ನು ಮಾಡಿತು. 2019ರ ಜನವರಿ 1ರಂದು ಅಥವಾ ಆಮೇಲೆ ಆರಂಭವಾದ ಲೆಕ್ಕದ ಅವಧಿಗಳಿಗೆ ಅನ್ವಯಿಸುವಂತೆ, ಬ್ಯಾಂಕು, ವಿಮೆ, ನಿಧಿ ನಿರ್ವಹಣೆ, ಸಾಲ ಮತ್ತು ಗುತ್ತಿಗೆ, ಹಡಗು ಮೊದಲಾದ ಗೊತ್ತಾದ ವ್ಯವಹಾರಗಳಲ್ಲಿ ಆದಾಯ ಗಳಿಸುವ ಕಂಪನಿಯ ಆಡಳಿತ ದ್ವೀಪದಲ್ಲೇ ನಡೆಯಬೇಕು. ನಿರ್ದೇಶಕರ ಸಭೆಗಳು ತಕ್ಕಷ್ಟು ಬಾರಿ ಅಲ್ಲಿಯೇ ಸೇರಬೇಕು. ಕೆಲಸಗಾರರು, ಖರ್ಚು, ಜಾಗ ಇವು ಕೆಲಸದ ಗಾತ್ರಕ್ಕೆ ತಕ್ಕಂತಿರಬೇಕು. ಕರಾರುಪತ್ರಗಳ ಪರಿಭಾಷೆಗೆ ‘ಸತ್ತ್ವ ಕಾನೂನು’ ಎಂಬ ಹೊಸ ಪದ ಸೇರಿತು, ಕಂಪನಿಯು ಅದನ್ನು ಪಾಲಿಸುತ್ತಿದೆಯೆಂಬ ಪ್ರಮಾಣವಾಕ್ಯವೂ ಜೊತೆಗೆ ಬಂದಿತು.

ಹೆಸರಿನಿಂದ ಭಾವಕ್ಕೆ ಸಾಗಬೇಕೆಂದು ಒಂದು ತೆರಿಗೆಯ ಶಾಸನವು ಆಜ್ಞಾಪಿಸುವುದು ವಿನೋದವೆನಿಸಿದರೂ ನಿಜ. ಆದರೆ ಭಾವವನ್ನು ಸಭೆಗಳ ಸಂಖ್ಯೆಯಿಂದ ಅಳೆಯತೊಡಗಿದೊಡನೆ ಸಭೆಯೂ ಹೆಸರಿಗಷ್ಟೇ ನಡೆಯುವ ಅಪಾಯ ಹುಟ್ಟುತ್ತದೆ. ವಿಮಾನದಲ್ಲಿ ಬಂದಿಳಿದು, ಬೇರೆಡೆ ಆಗಲೇ ಆದ ನಿರ್ಧಾರಕ್ಕೆ ಕೈಯೆತ್ತಿ ಹಿಂತಿರುಗಿದರೆ ನಡಾವಳಿ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆಡದ ಮಾತನ್ನು ಆಡಿದರೆಂದು, ನಡೆಯದ್ದನ್ನು ನಡೆಯಿತೆಂದು ವಂಚನೆಗಾಗಿ ಬರೆಯುವುದನ್ನು ಶಾಸ್ತ್ರವು ಕೂಟಲೇಖಕ್ರಿಯೆ ಎಂದಿದೆ. ಅದೂ ಸತ್ಯವ್ರತದ ಅತಿಚಾರವೇ.

ಇಷ್ಟಾದರೂ, ಪರಿಭಾಷೆಯ ಮಾತಿನಲ್ಲಿ ಅತ್ಯಂತ ಆಳವಾಗಿ ಯೋಚಿಸಬೇಕಾದ ಪ್ರಸಂಗ ಜಾಮೀನಿನದು. ಜಾಮೀನು ನಿಲ್ಲುವುದು ನಮ್ಮ ಸಮಾಜದ ಕುಟುಂಬಗಳಿಗೆ ಹೊಸದಲ್ಲ. ಅಳಿಯನ ಅಂಗಡಿಗೆ, ಸೋದರಳಿಯನ ಕಾರ್ಖಾನೆಗೆ, ಪರಿಚಯದ ಮಾತ್ರಕ್ಕೆ ಕೂಡ, ಸಹಿ ಹಾಕಿ ಮನೆಯನ್ನೇ ಕಳೆದುಕೊಂಡವರ ಕಥೆ ಪ್ರತಿ ಊರಿನಲ್ಲೂ ಒಂದಿದ್ದೇ ಇರುತ್ತದೆ. ಭಾರತದಲ್ಲಿ 1872ರ ಕರಾರು ಅಧಿನಿಯಮದ 128ನೆಯ ಕಲಮು, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ, ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದೆಂದು ಹೇಳುತ್ತದೆ. ಆದ್ದರಿಂದ ಸಾಲ ಕೊಟ್ಟವನು ಮೂಲ ಸಾಲಗಾರನ ಮನೆಗೆ ಹೋಗದೆ ನೇರವಾಗಿ ಜಾಮೀನುದಾರನ ಮನೆಗೆ ಬಂದರೂ ಅದು ಕ್ರಮವೇ.

ಜರ್ಸಿಯ ರೂಢಿಕಾನೂನು ಇಲ್ಲಿ ಬೇರೆ ದಾರಿ ಹಿಡಿದಿತ್ತು. ಅಲ್ಲಿ ಜಾಮೀನುದಾರನಿಗೆ ಹಳೆಯ ಎರಡು ಹಕ್ಕುಗಳುಂಟು. ಮೊದಲನೆಯದು ‘ದ್ರುವಾ ದ ದಿಸ್ಕ್ಯುಸಿಯೋಂ’: ಮೊದಲು ಸಾಲ ಪಡೆದವನ ಸೊತ್ತನ್ನು ನೋಡು, ಅದು ಸಾಲದೆ ಬಂದರೆ ನನ್ನ ಬಳಿ ಬಾ ಎಂದು ಹೇಳುವ ಹಕ್ಕು. ಎರಡನೆಯದು ‘ದ್ರುವಾ ದ ದಿವಿಜಿಯೋಂ’: ಜಾಮೀನುದಾರರು ಹಲವರಿದ್ದರೆ ಹೊಣೆಯನ್ನು ಅವರೊಳಗೆ ಹಂಚು, ಒಬ್ಬನ ತಲೆಗೇ ಕಟ್ಟಬೇಡ ಎನ್ನುವ ಹಕ್ಕು. ಪರರ ಸಾಲಕ್ಕೆ ಕೊರಳೊಡ್ಡಿದವನಿಗೆ ಹಿಂದಿನವರು ತೋರಿದ ಕರುಣೆ ಈ ಎರಡು ಹಕ್ಕುಗಳಲ್ಲಿದೆ. ಆದರೆ ಒಪ್ಪಂದವೇ ಪಕ್ಷಗಾರರ ಪಾಲಿಗೆ ಕಾನೂನು ಎಂಬುದು ಜರ್ಸಿಯ ನ್ಯಾಯಾಲಯಗಳು ಮನ್ನಿಸುತ್ತ ಬಂದ ಇನ್ನೊಂದು ತತ್ತ್ವ. ಎರಡೂ ಕೂಡಿದಾಗ ಆಗುವುದೇನೆಂದರೆ, ಜರ್ಸಿಯ ಸಂಬಂಧವಿರುವ ಜಾಮೀನುಪತ್ರಗಳಲ್ಲಿ ಈ ಎರಡು ಹಕ್ಕುಗಳನ್ನು ಹೆಸರಿಸಿ, ಜಾಮೀನುದಾರನು ಇವನ್ನು ಹಿಂತೆಗೆಯಲಾಗದಂತೆ ಬಿಟ್ಟುಕೊಟ್ಟಿದ್ದಾನೆ ಎಂದು ಬರೆಯುವುದು ರೂಢಿಯಾಗಿದೆ. ಇಂದು ಇರುವ ಕಾನೂನಿನಿಂದ ಬಂದ ಹಕ್ಕು ಮಾತ್ರವಲ್ಲ, ಮುಂದೆ ಬರುವ ಕಾನೂನು ಕೊಡಬಹುದಾದ ಹಕ್ಕೂ ಆ ವಾಕ್ಯದಲ್ಲಿ ಹೋಗುತ್ತದೆ.

ಇದು ಅನ್ಯಾಯವೇ? ದುಡುಕಿ ತೀರ್ಪು ಕೊಡಬಾರದು. ದೊಡ್ಡ ಸಾಲಗಳಲ್ಲಿ ಜಾಮೀನು ನಿಲ್ಲುವವರು ಹೆಚ್ಚಾಗಿ ಒಂದೇ ಸಮೂಹದ ಕಂಪನಿಗಳು. ಅವರ ಪಕ್ಕದಲ್ಲಿ ಅವರ ವಕೀಲರು ಕುಳಿತಿರುತ್ತಾರೆ. ಹಕ್ಕು ಬಿಟ್ಟದ್ದಕ್ಕೆ ಪ್ರತಿಯಾಗಿ ಬಡ್ಡಿ ಇಳಿದಿರಲೂಬಹುದು. ಬಿಡುವ ಹಕ್ಕನ್ನು ಹೆಸರಿಟ್ಟು ಬರೆದಿರುವುದರಲ್ಲಿ ಒಂದು ಪ್ರಾಮಾಣಿಕತೆಯೂ ಇದೆ. ಹೆಸರೇ ಇಲ್ಲದೆ ಅದು ಅಳಿದುಹೋಗಿದ್ದರೆ ತನಗೆ ಅಂಥದೊಂದು ರಕ್ಷೆ ಇತ್ತೆಂಬುದೇ ಜಾಮೀನುದಾರನಿಗೆ ತಿಳಿಯುತ್ತಿರಲಿಲ್ಲ. ಆದರೆ ಸಹಿ ಹಾಕುವವನು ಕಂಪನಿಯಾಗಿರದೆ ಒಬ್ಬ ತಂದೆಯೋ ಒಬ್ಬ ವಿಧವೆಯೋ ಆಗಿದ್ದರೆ ಆ ಎರಡು ಫ್ರೆಂಚ್ ಪದಗಳು ಅವರಿಗೆ ಏನನ್ನು ತಿಳಿಸಿಯಾವು? ಪದ ಪುಟದಲ್ಲಿದೆ, ಅರ್ಥ ಬರೆದವನ ತಲೆಯಲ್ಲಿದೆ. ಇಟ್ಟ ಹೊನ್ನಿನ ಸಂಖ್ಯೆಯನ್ನರಿಯದೆ ಕೇಳಿದವನಿಗೂ ಇವರಿಗೂ ದೂರವೇನೂ ಇಲ್ಲ. ಅರಿತವನು ಸುಮ್ಮನಿದ್ದಾನೆ, ಅಷ್ಟೆ. ಬರೆದವನು ಆ ಪದಗಳ ಮೇಲೆ ಬೆರಳಿಟ್ಟು, ಇದನ್ನು ಬಿಟ್ಟರೆ ಬ್ಯಾಂಕು ಮೊದಲು ನಿಮ್ಮ ಮನೆಗೇ ಬರಬಹುದು ಎಂದು ತಿಳಿಯುವ ಮಾತಿನಲ್ಲಿ ಹೇಳಿದಾಗ ಮಾತ್ರ ಆ ಸಹಿಗೆ ಸತ್ಯದ ಬಲ ಬರುತ್ತದೆ. ಐದು ನಿಮಿಷ ಹಿಡಿಯುವ ಈ ಕೆಲಸವನ್ನು ಅನೇಕರು ಮಾಡುವುದಿಲ್ಲ. ಮಾಡಿದರೆ ಸಹಿ ಬೀಳದೆಂಬ ಅಂಜಿಕೆಯೇ ಅದಕ್ಕೆ ಕಾರಣವಾಗಿದ್ದರೆ, ಆ ಅಂಜಿಕೆಯೇ ದೋಷದ ಸಾಕ್ಷಿ.

ಭಾರತದ ಶ್ರಾವಕರಿಗೆ ಇನ್ನೊಂದು ಮಾತನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ದ್ವೀಪದ ಕಾನೂನಿನ ಪಾಲನೆಯಾಯಿತೆಂದರೆ ಸ್ವದೇಶದ ಕಾನೂನಿನ ಪಾಲನೆಯಾದಂತಲ್ಲ. ತೆರಿಗೆಯ ಮಾಹಿತಿಯನ್ನು ಪರಸ್ಪರ ಒದಗಿಸುವ ಬಗ್ಗೆ ಭಾರತ ಮತ್ತು ಜರ್ಸಿ 2011ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಘೋಷಿಸದ ವಿದೇಶೀ ಆಸ್ತಿಯನ್ನು ಕುರಿತ 2015ರ ಭಾರತೀಯ ಅಧಿನಿಯಮವು ಶೇಕಡ 30ರ ತೆರಿಗೆಯನ್ನೂ ಅದರ ಮೂರು ಪಟ್ಟು ದಂಡವನ್ನೂ ವಿಧಿಸುತ್ತದೆ. ದಂಡದ ಭಯ ಇರಲಿ; ರತ್ನಕರಂಡಕದಲ್ಲಿ ಸಮಂತಭದ್ರರು ಅಚೌರ್ಯದ ಅತಿಚಾರಗಳಲ್ಲಿ ‘ವಿಲೋಪ’ವನ್ನು ಎಣಿಸಿದ್ದಾರೆ, ರಾಜ್ಯದ ಕಟ್ಟಳೆಯನ್ನು ತಪ್ಪಿಸಿ ಲಾಭ ಪಡೆಯುವುದೆಂದು ಅದರ ಅರ್ಥ.

ಕೊನೆಗೆ ನ್ಯಾಸದ ಕಾನೂನೇ ಉಳಿಯಿತು. ಬಸದಿಗಳ, ವಿದ್ಯಾಸಂಸ್ಥೆಗಳ ಧರ್ಮದರ್ಶಿಗಳು 1984ರ ಜರ್ಸಿ ಕಾನೂನನ್ನು ಓದಬೇಕಾದ ಅಗತ್ಯ ಬಾರದಿರಬಹುದು, ಆದರೆ ಓದಿದರೆ ನಷ್ಟವಿಲ್ಲ. ಅಲ್ಲಿನ ನ್ಯಾಸವು ಒಮ್ಮೆ 100 ವರ್ಷಗಳ ಮಿತಿಗೆ ಒಳಪಟ್ಟಿತ್ತು. 2006ರ ತಿದ್ದುಪಡಿಯ ಮೇಲೆ ಎಷ್ಟು ಕಾಲ ಬೇಕಾದರೂ ಇರಬಹುದಾಯಿತು. ಅದೇ ತಿದ್ದುಪಡಿಯಿಂದ ಸೊತ್ತನ್ನು ಕೊಟ್ಟವನು ಕೆಲವು ಅಧಿಕಾರಗಳನ್ನು ತನ್ನಲ್ಲೇ ಉಳಿಸಿಕೊಳ್ಳಬಹುದೆಂಬುದೂ ಸ್ಪಷ್ಟವಾಯಿತು: ಹೂಡಿಕೆಯ ಬಗ್ಗೆ ಆದೇಶ ಕೊಡುವುದು, ಧರ್ಮದರ್ಶಿಯನ್ನು ತೆಗೆಯುವುದು, ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು ಕೂಡ. ಕಾನೂನಿನ ಪರಿಭಾಷೆಯಲ್ಲಿ ಅವನು ಕೊಟ್ಟವನು. ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕದೆ ವಸ್ತುವಿನ ಮೇಲಣ ಮೂರ್ಛೆಯಲ್ಲಿ ಹುಡುಕುವ ಪರಂಪರೆಗೆ ಅವನನ್ನು ಹಾಗೆ ಕರೆಯುವುದು ಸುಲಭವಾಗಲಾರದು.

ಧರ್ಮದರ್ಶಿಯ ವಿಷಯದಲ್ಲಿ ಆ ಕಾನೂನು ಕಟ್ಟುನಿಟ್ಟು. ಕರಾರು ಎಷ್ಟೇ ಉದಾರವಾಗಿ ಬರೆದಿದ್ದರೂ, ಅವನ ಸ್ವಂತ ವಂಚನೆ, ಬುದ್ಧಿಪೂರ್ವಕ ದುರ್ವರ್ತನೆ, ಘೋರ ನಿರ್ಲಕ್ಷ್ಯ ಈ ಮೂರರ ಹೊಣೆಯಿಂದ ಅದು ಅವನನ್ನು ಬಿಡಿಸಲಾರದು ಎಂದು 30ನೆಯ ವಿಧಿ ಹೇಳುತ್ತದೆ. ಅಂದರೆ ಜಾಮೀನುದಾರನ ಹಕ್ಕನ್ನು ಅಳಿಸಬಲ್ಲ ಪರಿಭಾಷೆಯ ಕೈ ಇಲ್ಲಿ ಒಂದು ಗೆರೆಯ ಬಳಿ ನಿಲ್ಲಬೇಕಾಗುತ್ತದೆ. ನಿಖರವಾದ ಲೆಕ್ಕವನ್ನು ಇಡುವುದು ಅವನ ಕರ್ತವ್ಯವೆಂದು 21ನೆಯ ವಿಧಿ ಹೇಳುತ್ತದೆ. ಆದರೆ ಆ ಲೆಕ್ಕವನ್ನು ಫಲಾನುಭವಿ ಕೇಳಿ ನೋಡುವ ಹಕ್ಕು 29ನೆಯ ವಿಧಿಯಲ್ಲಿದ್ದು, ಅದನ್ನು ನ್ಯಾಸಪತ್ರವು ಕಿರಿದು ಮಾಡಬಹುದು. ‘ಮಾಹಿತಿ’ ಎಂದರೇನು, ‘ಫಲಾನುಭವಿ’ ಎಂದರೆ ಯಾರು ಎಂಬುದನ್ನು ಪತ್ರವೇ ನಿಗದಿ ಮಾಡುತ್ತದೆ. ಪೂಜ್ಯಪಾದರ ದೃಷ್ಟಾಂತದ ಮನುಷ್ಯನು ಎಷ್ಟು ಹೊನ್ನೆಂಬುದನ್ನು ಒಮ್ಮೆ ಬಲ್ಲವನಾಗಿದ್ದು ಆಮೇಲೆ ಮರೆತಿದ್ದ. ದ್ವೀಪದ ಎಷ್ಟೋ ನ್ಯಾಸಗಳಲ್ಲಿ ಫಲಾನುಭವಿಗಳಾದ ಮಕ್ಕಳಿಗೆ ಆ ಸಂಖ್ಯೆಯನ್ನು ಯಾರೂ ಎಂದೂ ಹೇಳಿರುವುದಿಲ್ಲ. ಅವರು ಕೇಳಿದಾಗ ಪತ್ರದ ಮಾತನ್ನು ಹಿಡಿದು ಮೌನವಾಗಿರಲು ಧರ್ಮದರ್ಶಿಗೆ ಅವಕಾಶವಿದೆ. ರಾಯಲ್ ಕೋರ್ಟು ಬೇರೆ ರೀತಿ ಆಜ್ಞೆ ಮಾಡಿದರೆ ಮಾತ್ರ ಅವನು ಪುಸ್ತಕವನ್ನು ತೆರೆಯಬೇಕಾಗುತ್ತದೆ.